ಎಡಗೈಯಕ್ಕ ಚಾಕು ಕೊಂಡದ್ದು

ನಾಟಕಮಂದಿರದ ರಂಗದ ಮೇಲೆ, ಪ್ರೇಕ್ಷಕರ ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿ, ಹಲಗೆ ಜೋಡಿಸಿ ಮಾಡಿದ ಕಿರಿದಾದ ಅಟ್ಟವೊಂದಿತ್ತು. ಹನ್ನೆರಡು ವರ್ಷದಿಂದ ಆ ಅಟ್ಟದ ಒಡತಿ ಎಡಗೈಯಕ್ಕ. ಕಾಡಿನ ಪರದೆ ಇಳಿಸಿ ಅರಮನೆಯ ಪರದೆ ಏರಿಸುವುದು, ಚಂದ್ರನನ್ನು ಸಮಯಕ್ಕೆ ಸರಿಯಾಗಿ ಹುಟ್ಟಿಸುವುದು, ಸವೆದ ಹಗ್ಗ ಬಿಚ್ಚಿ ಹೊಸದು ಕಟ್ಟುವುದು, ಎಲ್ಲ ಅವಳ ಪಾಲಿಗೆ ಬಂದ ಕೆಲಸ. ಬರೆಯುವುದು, ಉಣ್ಣುವುದು, ಸುತ್ತಿಗೆ ಹಿಡಿಯುವುದು, ಮಾತಿನ ಭರದಲ್ಲಿ ಗಂಡನ ಬೆನ್ನಿಗೊಂದು ಗುದ್ದುವುದು, ಇವೆಲ್ಲವನ್ನೂ ಎಡಗೈಯಲ್ಲೇ ಮಾಡುವವಳು. ಶಾಲೆಯಲ್ಲಿ ಮೇಷ್ಟ್ರು ಆ ಕೈಯ ಗೆಣ್ಣುಗಳಿಗೆ ಅಡಿಪಟ್ಟಿಯಿಂದ ಬಾರಿಸಿ ಬಾರಿಸಿ ಕೊನೆಗೆ ತಾವೇ ಸುಸ್ತಾಗಿದ್ದರು. ಆಗ ಅಂಟಿಕೊಂಡ ಅಡ್ಡಹೆಸರು ನಲವತ್ತಾರು ತುಂಬಿದರೂ ಬಿಟ್ಟಿರಲಿಲ್ಲ.

ಆ ಬೆಳಿಗ್ಗೆ ಹೊಸ ನಾಟಕದ ತಾಲೀಮು ನಡೆದಿತ್ತು. ಎಡಗೈಯಕ್ಕ ಅಟ್ಟದ ಮೇಲೆ ಮಲಗಿ, ಪರದೆಯ ಕೊನೆಯ ಗಂಟನ್ನು ಪ್ಲಾಸ್ಟಿಕ್ ಕಟರ್‌ನಿಂದ ಕೊಯ್ಯುತ್ತಿದ್ದಳು. ಕಾಗದ ಕತ್ತರಿಸಲು ಮಾಡಿದ ಕಟರ್ ಅದು, ಹಗ್ಗಕ್ಕೆ ಎಲ್ಲಿ ತಾಳೀತು? ಅಲಗು ಟಿಕ್ಕೆಂದು ಮುರಿದು ಕೆಳಗೆ ಹೋಯಿತು. ನಾಯಕಿಯ ಪಾತ್ರದ ಹುಡುಗಿ ನಿಂತಿದ್ದಲ್ಲಿಂದ ಒಂದು ಗೇಣು ಆಚೆ ರಂಗದ ಹಲಗೆಗೆ ನಾಟಿಕೊಂಡಿತು. ಹುಡುಗಿ ಗಟ್ಟಿಗಿತ್ತಿ. ಬಗ್ಗಿ ಅದನ್ನು ಕಿತ್ತು, ಮೇಲೆ ನೋಡಿ, “ಅಕ್ಕಾ, ನಿಮ್ಮದೇನೋ ಬಿತ್ತು,” ಅಂದಳು.

ಮ್ಯಾನೇಜರು ಮಾತ್ರ ಹಾಗೆ ಸುಮ್ಮನಾಗುವವರಲ್ಲ. ಇನ್ನು ಮುಂದೆ ಮುರಿಯುವ ಅಲಗು ಅಟ್ಟ ಹತ್ತಕೂಡದು, ಮಡಚುವ ಒಂದು ಗಟ್ಟಿ ಚಾಕು ತಂದು, ದಾರ ಹಾಕಿ ಸೊಂಟಕ್ಕೆ ಕಟ್ಟಿಕೊಂಡೇ ಮೇಲೆ ಹೋಗಬೇಕು ಎಂದು ಎಲ್ಲರೆದುರೇ ಹೇಳಿದರು. ಎಡಗೈಯಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಧ್ಯಾಹ್ನದ ಊಟದವರೆಗೂ ತಲೆ ಎತ್ತಲಿಲ್ಲ. ಊಟದ ಡಬ್ಬಿ ತೊಳೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಒಂದು ವಿಚಾರ ಹೊಳೆದು, ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಅವಳು ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಸಾಗಿಸಿದ್ದಳು. ಅಡುಗೆಮನೆಯ ಮೊಂಡು ಚಾಕು, ಗಂಡ ಬಿಸಾಡಿದ ಬ್ಲೇಡು, ಯಾರೋ ಮರೆತು ಹೋದ ಕತ್ತರಿ. ತನ್ನದೇ ಆದ, ತಾನೇ ನೋಡಿ ಆರಿಸಿದ, ದಿನವೂ ಮೈಮೇಲೇ ಇರುವ ಒಂದು ಚಾಕು! ಆಗಿನಿಂದ ಶುರುವಾದ ಹುರುಪು ಇಳಿಯಲೇ ಇಲ್ಲ.

ಮನೆಯಲ್ಲಿ ಸುದ್ದಿ ತೆಗೆದದ್ದೇ ತಡ, ಎಲ್ಲರೂ ಪಂಡಿತರಾದರು. ಬಸ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, ತಗೊಳ್ಳೋದೇ ಆದರೆ ದೊಡ್ಡದನ್ನೇ ತಗೋ ಅಂದ. ಮೈದುನ ಫೋನಿನಲ್ಲಿ ಹನ್ನೆರಡು ಹತಾರ ಒಟ್ಟಿಗೆ ಮಡಚಿಟ್ಟ ಚಾಕುವೊಂದರ ಚಿತ್ರ ತೋರಿಸಿದ. ಅದರಲ್ಲಿ ಭೂತಗನ್ನಡಿಯಿತ್ತು, ಬಿರಡೆ ಕೀಳುವ ಸುರುಳಿಯಿತ್ತು, ಹಲ್ಲು ಕೆದಕುವ ಕಡ್ಡಿ ಕೂಡ ಇತ್ತು. ಬೆಲೆ ನೋಡಿ ಎಡಗೈಯಕ್ಕ ಫೋನನ್ನು ಅವನ ಕೈಗೇ ಇಟ್ಟಳು.

“ನಂಗೆ ಹಗ್ಗ ಕೊಯ್ಬೇಕಪ್ಪಾ. ಹಗ್ಗಕ್ಕೆ ಹಲ್ಲಿಲ್ಲ.”

ಬೆಲೆಯ ವಿಷಯದಲ್ಲಿ ಅವಳ ಲೆಕ್ಕ ಆಗಲೇ ಮುಗಿದಿತ್ತು. ಒಂದು ದಿನದ ಕೂಲಿಗಿಂತ ಹೆಚ್ಚು ಕೊಡಬಾರದು. ಎತ್ತರದಲ್ಲಿ ಕೆಲಸ ಮಾಡುವವರ ಹತಾರ ಇವತ್ತಲ್ಲ ನಾಳೆ ಕಳೆದೇ ಹೋಗುತ್ತದೆ. ಹೋದರೆ ಒಂದು ದಿನ ಹೊಟ್ಟೆ ಉರಿಯಲಿ, ತಿಂಗಳೆಲ್ಲ ಬೇಡ.

ಮಾರನೆಯ ದಿನ ಅಟ್ಟದ ಮೇಲೆ ಅವಳು ತನ್ನನ್ನೇ ತಾನು ಗಮನಿಸತೊಡಗಿದಳು. ಕೊಯ್ಯುವ ಪ್ರಸಂಗ ಬಂದಾಗಲೆಲ್ಲ ಬಲಗೈ ಎಲ್ಲಿರುತ್ತದೆ ಎಂದು ನೋಡಿದಳು. ಒಮ್ಮೆ ಕಂಬಿಯ ಮೇಲೆ, ಒಮ್ಮೆ ಹಗ್ಗದ ಮೇಲೆ, ಒಮ್ಮೆ ಪರದೆಗೆ ಸರಿತೂಕವಾಗಿ ಕಟ್ಟಿದ ಮರಳುಚೀಲದ ಕೊರಳಲ್ಲಿ. ಒಂದು ಸಲವೂ ಅದಕ್ಕೆ ಬಿಡುವಿರಲಿಲ್ಲ. ಹಾಗಾದರೆ ಎಡಗೈಯೊಂದೇ ಚಾಕುವನ್ನು ಜೇಬಿನಿಂದ ತೆಗೆಯಬೇಕು, ಬಿಚ್ಚಬೇಕು, ಕೊಯ್ಯಬೇಕು, ಮತ್ತೆ ಮಡಚಬೇಕು. ಬಿಚ್ಚಿದ ಅಲಗು ತಾನಾಗಿ ಬೆರಳ ಮೇಲೆ ಮುಚ್ಚಿಕೊಳ್ಳದಂತೆ ಬೀಗವೂ ಬೇಕು. ಇಷ್ಟು ಗೊತ್ತಾದ ಮೇಲೆ ಅವಳಿಗೆ ವಾರದ ರಜೆಯವರೆಗೆ ಕಾಯುವುದೇ ಕಷ್ಟವಾಯಿತು.

ರಜೆಯ ದಿನ ಬೆಳಿಗ್ಗೆ, ಬಾಗಿಲು ತೆಗೆಯುವ ಹೊತ್ತಿಗೇ ಹತಾರದ ಅಂಗಡಿಯ ಮುಂದೆ ನಿಂತಿದ್ದಳು. ಚೀಲದಲ್ಲಿ ಅಟ್ಟದಿಂದ ತಂದ ಎರಡು ಮೊಳ ಹಗ್ಗ. ರೈಲುಡಬ್ಬಿಯ ಹಾಗೆ ಉದ್ದಕ್ಕೆ ಹೋಗುತ್ತಿದ್ದ ಅಂಗಡಿ. ಎರಡೂ ಗೋಡೆಗೆ ನೆಲದಿಂದ ಮಾಡಿನವರೆಗೆ ಸಣ್ಣ ಸಣ್ಣ ಖಾನೆಗಳು, ಒಳಗೆಲ್ಲ ಎಣ್ಣೆ ಸವರಿದ ಕಬ್ಬಿಣದ ವಾಸನೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಜ್ಜನಿಗೆ ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ. ಚಾಕು ಬೇಕು ಅಂದದ್ದಕ್ಕೆ ಅವನು ತಲೆ ಎತ್ತದೆ, ತರಕಾರಿ ಹೆಚ್ಚುವ ಚಾಕುಗಳ ಡಬ್ಬವನ್ನು ಮುಂದಕ್ಕೆ ತಳ್ಳಿದ.

“ತರಕಾರಿಗಲ್ಲ ಅಜ್ಜಾ, ಹಗ್ಗಕ್ಕೆ. ಮಡಚೋದು ಬೇಕು. ಒಂದೇ ಕೈಯಲ್ಲಿ ಬಿಚ್ಚಬೇಕು, ಅದೂ ಈ ಕೈಯಲ್ಲಿ,” ಎಂದು ಅವಳು ಎಡಗೈ ಎತ್ತಿ ತೋರಿಸಿದಳು.

ಅಜ್ಜ ಹಣೆಯ ಕನ್ನಡಕವನ್ನು ಕೆಳಗಿಳಿಸಿ ಆ ಕೈಯನ್ನೊಮ್ಮೆ ನೋಡಿದ, ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಎದ್ದು, ಹಿಂದಿನ ಖಾನೆಯಿಂದ ಒಂದು ತಟ್ಟೆ ತಂದು ಹಸಿರು ಬಟ್ಟೆಯ ಮೇಲೆ ಇಟ್ಟ. ತಟ್ಟೆಯ ತುಂಬ ಮಡಚು ಚಾಕುಗಳು. ಎಡಗೈಯಕ್ಕನ ಎದೆ ಒಡವೆ ಅಂಗಡಿಯಲ್ಲಿ ಕೂಡ ಹೀಗೆ ಹೊಡೆದುಕೊಂಡಿರಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಕನ್ನಡಿಯಂತೆ ಮಿರುಗುವ ಉದ್ದ ಚಾಕು, ಗಂಡ ಹೇಳಿದಂಥದ್ದೇ. ಹಿಡಿದರೆ ಕೈ ಜಗ್ಗುವಷ್ಟು ಭಾರ. ಅದರ ಬೀಗ ಹಿಡಿಯ ಒಳಗಿನ ತೆಳು ತಗಡು. ಬಲಗೈಯವರು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಸಲೀಸಾಗಿ ಮಡಚಿಕೊಳ್ಳುತ್ತಿತ್ತು. ಎಡಗೈಗೆ ಬಂದಾಗ ತಗಡು ಉಲ್ಟಾ ಬದಿಗೆ ಹೋಗಿ, ತೋರುಬೆರಳಿನಿಂದ ತಡಕಾಡಬೇಕಾಯಿತು. ಅದು ಮೇಷ್ಟ್ರ ಅಡಿಪಟ್ಟಿಯ ಕಡೆಯದು ಎಂದು ಮನಸ್ಸಿನಲ್ಲೇ ಅಂದುಕೊಂಡು ಪಕ್ಕಕ್ಕಿಟ್ಟಳು. ಎರಡನೆಯದು ಮರದ ಹಿಡಿಯ ಮುದ್ದಾದ ಚಾಕು, ಬೆಲೆಯೂ ಅಗ್ಗ. ಅದನ್ನು ಬಿಚ್ಚಲು ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎರಡೂ ಕೈ ಬಳಸಬೇಕಿತ್ತು, ಬೀಗವಂತೂ ಇರಲೇ ಇಲ್ಲ. ಮೂರನೆಯದರ ಅಲಗಿಗೆ ಹೆಬ್ಬೆರಳಿಡಲು ಒಂದು ಗುಂಡಿಯಿತ್ತು, ಅದೂ ಬಲಗೈಯವರ ಬದಿಗೆ ಮಾತ್ರ. ನಾಲ್ಕನೆಯದರ ಅಲಗು ಬಿಚ್ಚಿದ ಮೇಲೂ ಅಲ್ಲಾಡುತ್ತಿತ್ತು.

ಇಷ್ಟರಲ್ಲಿ ಅಜ್ಜನಿಗೂ ಹುಮ್ಮಸ್ಸು ಬಂದಿತ್ತು. ಗಿರಾಕಿ ಸರಿಯಾಗಿ ಕಾರಣ ಕೊಟ್ಟು ಬೇಡವೆನ್ನುವುದನ್ನು ಕಂಡು ಎಷ್ಟು ಕಾಲವಾಗಿತ್ತೋ ಏನೋ. ಏಣಿ ಹತ್ತಿ, ಮೇಲಿನ ಖಾನೆಯಲ್ಲಿ ಕೈಯಾಡಿಸಿ, ದೂಳು ಕೂತ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿದ. ಒಳಗಿದ್ದದ್ದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿಯ ಚಾಕು. ನಾಲ್ಕು ವರ್ಷದಿಂದ ಯಾರೂ ಕೊಂಡಿಲ್ಲ, ಬಣ್ಣ ನೋಡಿದವರೆಲ್ಲ ಮಕ್ಕಳ ಆಟಿಕೆ ಅಂದು ಮೂಗು ಮುರಿಯುತ್ತಾರೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ.

ಎಡಗೈಯಕ್ಕ ಅದನ್ನು ಕೈಗೆ ತೆಗೆದುಕೊಂಡಳು. ಅಲಗಿನಲ್ಲಿ ಈ ಬದಿಯಿಂದ ಆ ಬದಿಗೆ ಒಂದು ದುಂಡನೆಯ ತೂತು. ತೂತಿಗೆ ಎಡವೂ ಇಲ್ಲ, ಬಲವೂ ಇಲ್ಲ. ಹೆಬ್ಬೆರಳ ತುದಿಯನ್ನು ಅದಕ್ಕೆ ಒತ್ತಿ ನೂಕಿದಳು. ಅಲಗು ನಯವಾಗಿ ಸುತ್ತಿ ಬಂದು ಟಕ್ ಎಂದು ನಿಂತಿತು. ಬೀಗ ಹಿಡಿಯ ಬೆನ್ನಿನ ಮೇಲೆ, ಯಾವ ಕೈಯಲ್ಲಿ ಒತ್ತಿದರೂ ಒಂದೇ. ಅಲಗು ಅವಳ ನಡುಬೆರಳಿಗಿಂತ ಉದ್ದವಿರಲಿಲ್ಲ. ತುದಿ ಮೊನಚಾಗಿರದೆ ಕುರಿಯ ಗೊರಸಿನ ಹಾಗೆ ಮೊಂಡಾಗಿತ್ತು. ಚುಚ್ಚುವ ಕೆಲಸ ತನಗೆ ಯಾವತ್ತೂ ಇಲ್ಲ, ಕೆಳಗೆ ಜನ ಓಡಾಡುವ ಕಡೆ ಮೊಂಡಾದರೇ ಒಳ್ಳೆಯದು ಅನ್ನಿಸಿತು. ಜೇಬಿಗೆ ಸಿಕ್ಕಿಸುವ ಕ್ಲಿಪ್ಪನ್ನು ಸ್ಕ್ರೂ ಬಿಚ್ಚಿ ಆಚೆ ಬದಿಗೆ ಹಾಕಬಹುದಿತ್ತು. ಹಿಡಿಯ ಕೊನೆಯಲ್ಲಿ ದಾರಕ್ಕೊಂದು ಕಣ್ಣೂ ಇತ್ತು.

ಅವಳು ಕಣ್ಣು ಮುಚ್ಚಿ, ಬಲಗೈಯಲ್ಲಿ ಅಜ್ಜನ ಏಣಿಯನ್ನು ಬಿಗಿಯಾಗಿ ಹಿಡಿದು, ಎಡಗೈಯಲ್ಲಿ ಚಾಕುವನ್ನು ಹತ್ತು ಸಲ ಬಿಚ್ಚಿ ಹತ್ತು ಸಲ ಮಡಚಿದಳು. ಅಂಗಡಿಗೆ ಬಂದಿದ್ದ ಪ್ಲಂಬರೊಬ್ಬ ತನ್ನ ನಲ್ಲಿಯ ಮಾತು ಮರೆತು ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಅವಳು ಚೀಲದಿಂದ ಹಗ್ಗ ತೆಗೆದು, ಒಂದು ತುದಿಯನ್ನು ಅಜ್ಜನ ಕೈಗೆ ಕೊಟ್ಟಳು. ಎರಡೇ ಎಳೆತಕ್ಕೆ ಹಗ್ಗ ಎರಡಾಯಿತು. ಉಕ್ಕು ಸಾಧಾರಣದ್ದು, ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಆದರೆ ಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ಮತ್ತೆ ಹರಿತವಾಗುತ್ತದೆ ಎಂದು ಅಜ್ಜ ಬುದ್ಧಿ ಹೇಳಿದ. ಕೊನೆಗೆ ಅವಳು ಬೆಲೆ ಕೇಳಿದಳು. ಅರ್ಧ ದಿನದ ಕೂಲಿ! ಚೌಕಾಸಿ ಮಾಡುವುದನ್ನೇ ಮರೆತು ಕೊಟ್ಟುಬಿಟ್ಟಳು.

“ಬಣ್ಣ ಪರವಾಗಿಲ್ವೇನಮ್ಮಾ?” ಅಜ್ಜನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

“ಕತ್ತಲಲ್ಲಿ ಬಿದ್ರೆ ಇದೇ ನನ್ನ ಕೂಗಿ ಕರೆಯುತ್ತೆ ಅಜ್ಜಾ.”

ಮನೆಯಲ್ಲಿ ಅವತ್ತು ಕೊಯ್ಯಿಸಿಕೊಳ್ಳದೆ ಉಳಿದ ವಸ್ತುವಿಲ್ಲ. ಹಾಲಿನ ಪೊಟ್ಟಣ, ರಟ್ಟಿನ ಡಬ್ಬ, ಮೈದುನನ ಹೊಸ ಅಂಗಿಯ ಬೆಲೆಚೀಟಿ. ಬಣ್ಣ ನೋಡಿ ನಕ್ಕ ಗಂಡ, ಅದರ ಬೀಗವನ್ನು ಮೆಕ್ಯಾನಿಕ್ಕಿನ ಕಣ್ಣಿನಿಂದ ಪರೀಕ್ಷಿಸಿ ಮೆಲ್ಲಗೆ ತಲೆದೂಗಿದ. ತನಗೊಂದು ಇರಲಿ ಅನ್ನುವ ಆಸೆ ಅವನ ಮುಖದಲ್ಲೇ ಕಾಣುತ್ತಿತ್ತು.

ಹೊಸ ನಾಟಕದ ಮೊದಲ ಪ್ರದರ್ಶನ ಅದರ ಮುಂದಿನ ಭಾನುವಾರ ಮಧ್ಯಾಹ್ನ. ಮಂದಿರ ಕಿಕ್ಕಿರಿದಿತ್ತು. ಮೂರನೆಯ ಅಂಕದಲ್ಲಿ ನಾಯಕಿಯ ಪಾತ್ರದ ಅದೇ ಹುಡುಗಿ, ಮೋಡಗಳ ರಾಣಿಯಾಗಿ, ಉಯ್ಯಾಲೆಯಲ್ಲಿ ಕೂತು ಆಕಾಶಕ್ಕೆ ಏರಬೇಕು. ಕೆಳಗೆ ರಾಟೆಯ ಹಿಡಿ ತಿರುಗಿಸುತ್ತಿದ್ದವನು ಗಡ್ಡದಣ್ಣ, ಎಡಗೈಯಕ್ಕನ ಹನ್ನೆರಡು ವರ್ಷದ ಜೊತೆಗಾರ. ರಾಣಿಯ ಹೆಗಲಿನಿಂದ ಬಿಳಿ ರೇಷ್ಮೆಯ ಉದ್ದ ಸೆರಗೊಂದು ಹಾರಾಡುತ್ತಿತ್ತು. ತಾಲೀಮಿನಲ್ಲಿ ಅದು ಚೆನ್ನಾಗಿಯೇ ಹಾರಿತ್ತು. ಅವತ್ತು ಸೆಕೆಯೆಂದು ಯಾರೋ ಪಕ್ಕದ ಫ್ಯಾನನ್ನು ಜೋರು ಮಾಡಿದ್ದರು.

ಉಯ್ಯಾಲೆ ಮುಕ್ಕಾಲು ಎತ್ತರ ಬಂದಾಗ ಸೆರಗು ಗಾಳಿಗೆ ಮೇಲೆದ್ದು, ಎಡಬದಿಯ ಹಗ್ಗಕ್ಕೆ ಸುತ್ತಿಕೊಂಡು, ಮೇಲಿನ ಗಾಲಿಯೊಳಗೆ ಹೋಗಿಬಿಟ್ಟಿತು. ಆ ಬದಿ ಕಚ್ಚಿಕೊಂಡಿತು. ಬಲಬದಿ ಏರುತ್ತಲೇ ಇದ್ದದ್ದರಿಂದ ಉಯ್ಯಾಲೆ ಓರೆಯಾಯಿತು. ಗಡ್ಡದಣ್ಣ ತಕ್ಷಣ ಹಿಡಿ ನಿಲ್ಲಿಸಿದ. ನೆಲಕ್ಕೆ ಇಳಿಸಿದರೆ ಬಲಬದಿಯೊಂದೇ ಇಳಿದು ಹುಡುಗಿ ಆಚೆಗೆ ಜಾರುತ್ತಾಳೆ, ಏರಿಸಿದರೆ ಈಚೆಗೆ. ಅವಳು ಎರಡೂ ಕೈಯಿಂದ ಹಗ್ಗ ತಬ್ಬಿಕೊಂಡಿದ್ದಳು. ಬಿಗಿದ ಸೆರಗು ಹೆಗಲನ್ನು ಹಿಂದಕ್ಕೆ ಎಳೆಯುತ್ತಿತ್ತು. ಆದರೂ ಧೈರ್ಯಗೆಡದೆ ತನ್ನ ಮಾತುಗಳನ್ನು ಹೇಳುತ್ತಲೇ ಇದ್ದಳು. ಪ್ರೇಕ್ಷಕರಿಗೆ ಏನೂ ತಿಳಿಯಲಿಲ್ಲ.

ಎಡಗೈಯಕ್ಕ ಆಗಲೇ ಹಲಗೆಯ ಮೇಲೆ ಬೋರಲು ಮಲಗಿದ್ದಳು. ಬಲಗೈಯನ್ನು ಕಂಬಿಗೆ ಸುತ್ತಿ, ಎದೆಯವರೆಗೆ ಮೈಯನ್ನು ಹೊರಗೆ ಚಾಚಿದಳು. ಎಡಗೈ ಜೇಬಿಗೆ ಹೋದದ್ದು ಅವಳಿಗೇ ಗೊತ್ತಾಗಲಿಲ್ಲ, ಟಕ್ ಎಂದದ್ದು ಮಾತ್ರ ಕೇಳಿಸಿತು. ಕತ್ತಲಲ್ಲಿ ರೇಷ್ಮೆಯೂ ಹಗ್ಗವೂ ಒಂದಕ್ಕೊಂದು ಅಂಟಿಕೊಂಡಿದ್ದವು. ರೇಷ್ಮೆಯ ಬದಲು ಹಗ್ಗಕ್ಕೆ ಅಲಗು ತಾಗಿದರೆ ಕತೆ ಮುಗಿಯಿತು. ಬೆರಳಿನಿಂದ ನವಿರಾದದ್ದು ಯಾವುದು, ಒರಟಾದದ್ದು ಯಾವುದು ಎಂದು ತಡವಿ, ಮೊಂಡು ತುದಿಯನ್ನು ಎರಡರ ನಡುವೆ ಮೆಲ್ಲಗೆ ತೂರಿಸಿದಳು.

“ಗಟ್ಟಿಯಾಗಿ ಹಿಡ್ಕೋ ಪುಟ್ಟೀ,” ಎಂದು ಪಿಸುಗುಟ್ಟಿದಳು.

ಅಲಗನ್ನು ಹೊರಕ್ಕೆ ತಿರುಗಿಸಿ ಎಳೆದಳು. ಸೆರಗು ಸರ್ರನೆ ತುಂಡಾಗಿ ಹುಡುಗಿಯ ಹೆಗಲು ಸಡಿಲವಾಯಿತು. ಗಾಲಿಯಲ್ಲಿ ಸಿಕ್ಕಿಕೊಂಡ ಮುದ್ದೆಯನ್ನು ಇನ್ನೊಂದು ಬದಿಯಿಂದ ಕೊಯ್ದು, ಚಾಕುವನ್ನು ಸೊಂಟದ ದಾರದಲ್ಲಿ ಜೋತಾಡಲು ಬಿಟ್ಟು, ಬಟ್ಟೆಯನ್ನು ಬೆರಳಿನಿಂದ ಕಿತ್ತಳು. ಗಾಲಿ ಬಿಟ್ಟುಕೊಂಡಿತು. ಅವಳು ಸನ್ನೆ ಮಾಡಿದಳು, ಗಡ್ಡದಣ್ಣ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಡಿ ತಿರುಗಿಸಿದ, ಉಯ್ಯಾಲೆ ನೆಟ್ಟಗಾಯಿತು. ರಾಣಿ ಆಕಾಶಕ್ಕೆ ಏರಿದಳು. ಕತ್ತರಿಸಿದ ರೇಷ್ಮೆ ದೀಪದ ಬೆಳಕಿನಲ್ಲಿ ಸುರುಳಿ ಸುತ್ತುತ್ತ ರಂಗಕ್ಕೆ ಇಳಿದಾಗ, ಮೋಡ ಕರಗಿ ಬಿತ್ತೆಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪ್ರದರ್ಶನ ಮುಗಿದದ್ದೇ ಹುಡುಗಿ ರಾಣಿಯ ವೇಷದಲ್ಲೇ ಏಣಿ ಹತ್ತಿ ಬಂದು ಎಡಗೈಯಕ್ಕನನ್ನು ಅಪ್ಪಿಕೊಂಡಳು. ಇಬ್ಬರೂ ಹಲಗೆಯ ಮೇಲೆ ಕೂತು ನಗಾಡಿದರು. ಮ್ಯಾನೇಜರು ಚಾಕು ಕೇಳಿ ತೆಗೆದುಕೊಂಡು, ಬಿಚ್ಚಲು ಹೋಗಿ ಎರಡು ಸಲ ಸೋತು, ಮೂರನೆಯ ಸಲಕ್ಕೆ ಗೆದ್ದು, ಹಿಂದಕ್ಕೆ ಕೊಟ್ಟರು. ಮಾರನೆಯ ಬೆಳಿಗ್ಗೆ ಫ್ಯಾನಿನ ಗುಂಡಿಯ ಮೇಲೆ ಅವರ ಕೈಬರಹದ ಚೀಟಿಯೊಂದು ಅಂಟಿತ್ತು.

ಎಡಗೈಯಕ್ಕನಿಗೆ ಅಂಜಿಕೆಯಿದ್ದದ್ದು ಉಡುಪು ಹೊಲಿಯುವ ದರ್ಜಿಯಮ್ಮನದು. ಆ ಸೆರಗಿನ ಅಂಚು ಮಡಚಿ ಹೊಲಿಯಲು ಅವಳು ಒಂದು ವಾರ ಕಣ್ಣು ಸವೆಸಿದ್ದಳು. ದರ್ಜಿಯಮ್ಮ ವೇಷದಲ್ಲಿ ಉಳಿದ ಸೆರಗನ್ನು ಮೇಜಿನ ಮೇಲೆ ಹರಡಿ, ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದಳು.

“ಕತ್ತಲಲ್ಲಿ ಕೊಯ್ದದ್ದಾ ಇದು? ಒಂದು ಎಳೆನೂ ಎದ್ದಿಲ್ವಲ್ಲೇ,” ಅಂದಳು. “ನನ್ನ ಕತ್ತರಿಗೂ ಹೀಗೆ ಬರಲ್ಲ. ಇರಲಿ ಬಿಡು, ಸೆರಗು ಇಷ್ಟೇ ಉದ್ದ ಸಾಕು.”

ಅವಳು ಹೊಲಿಗೆಯಂತ್ರದ ಮುಂದೆ ಕೂತು ಅಂಚು ಮಡಚತೊಡಗಿದಳು. ಎಡಗೈಯಕ್ಕ ಪಕ್ಕದಲ್ಲೇ ನಿಂತು ಬಟ್ಟೆ ಜಾರದಂತೆ ಹಿಡಿದುಕೊಂಡಳು. ಹೊರಗೆ ಟಿಕೆಟ್ಟಿನ ಸಾಲು ಆಗಲೇ ಬೀದಿಯ ತಿರುವಿನವರೆಗೆ ಬೆಳೆದಿತ್ತು. ಮೋಡ ಕರಗಿ ಬೀಳುವ ನಾಟಕ ಇದೇ ತಾನೇ ಎಂದು ಜನ ಕೇಳುತ್ತಿದ್ದಾರೆ, ಇವತ್ತೂ ಏನಾದರೂ ಬೀಳಿಸಲೇಬೇಕು ಎಂದು ಗಡ್ಡದಣ್ಣ ಬಾಗಿಲಲ್ಲಿ ತಲೆ ಹಾಕಿ ಹೇಳಿ ಹೋದ. ಹತ್ತಿ ಸಾಕಾದೀತೇ, ರೇಷ್ಮೆಯೇ ಬೇಕೇ ಎಂದು ಇಬ್ಬರೂ ಹೆಂಗಸರು ಕೂಡಲೇ ಚರ್ಚೆಗೆ ತೊಡಗಿದರು.