ಸಂಬಳ ಏರದಿರಲೆಂದು ಅರ್ಚನೆ

"ಮಗಳಿಗೆ ಸಂಬಳ ಜಾಸ್ತಿ ಆಗ್ಬಾರ್ದು ಅಂತ ಸಂಕಲ್ಪ ಮಾಡಿಸಿ" ಎಂದಾಗ ಬ್ಲ್ಯಾಕ್‌ಟೌನ್ ಬಳಿಯ ದೇವಸ್ಥಾನದ ಅರ್ಚಕರು ನನ್ನನ್ನೊಮ್ಮೆ ದಿಟ್ಟಿಸಿದರು. ಆದರೂ ಅವಳ ಗೋತ್ರ, ನಕ್ಷತ್ರ ಹೇಳಿ ಕಾಯಿ ಒಡೆದೇಬಿಟ್ಟರು.

ನನ್ನ ಭಯಕ್ಕೆ ಕಾರಣವಿತ್ತು. ಈ ದೇಶದಲ್ಲಿ ಓದಿಗೆಂದು ಮಗಳು ಪಡೆದಂಥ ಸರ್ಕಾರಿ ಸಾಲದ ಕಂತನ್ನು, ಸಂಬಳ ಒಂದು ಮಿತಿ ದಾಟಿದ ಮೇಲೆ ಅದರಲ್ಲೇ ಹಿಡಿದುಕೊಳ್ಳುತ್ತಾರೆ. ಒಂದು ಡಾಲರ್ ದಾಟಿದರೂ ಇಡೀ ಸಂಬಳದ ಮೇಲೆ ಕಡಿತವಾಗಿ, ಏರಿದ್ದಕ್ಕಿಂತ ಹೆಚ್ಚು ಹೋಗುತ್ತದೆಂದು ನಂಬಿದ್ದೆ.

ಕಾರು ಪಾರ್ಕ್ ಮಾಡಿ ಬಂದ ಮಗಳು ವಿಷಯ ಕೇಳಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಅದು ಓಲ್ಡ್ ರೂಲ್! ಈಗ ಲಿಮಿಟ್ ದಾಟಿದಷ್ಟಕ್ಕೆ ಮಾತ್ರ ಕಟ್ ಮಾಡ್ತಾರೆ. ನಾಳೆ ನನ್ನ ಪ್ರಮೋಷನ್ ಇಂಟರ್ವ್ಯೂ!"

ಒಡೆದ ಕಾಯಿಯನ್ನು ಕೂಡಿಸುವುದು ಹೇಗೆ? ಅರ್ಚಕರೇ ಇನ್ನೊಂದು ಕಾಯಿ ತರಿಸಿ, ಸಂಬಳ ಏರಲೆಂದು ಹೊಸ ಸಂಕಲ್ಪ ಮಾಡಿಸಿದರು. ಮಂಗಳಾರತಿ ಮುಗಿದ ಮೇಲೆ ಮಗಳ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

"ರೂಲ್ ಬದಲಾಗಿರೋದು ಪಕ್ಕಾನಾ ಅಮ್ಮಾ? ನನ್ನ ಮಗನ ಹೆಸರಲ್ಲೂ ದಿನಾ ಇದೇ ಅರ್ಚನೆ ಮಾಡ್ತಿದ್ದೀನಿ."

ಮಗಳಿಗೆ ಪ್ರಮೋಷನ್ ಸಿಕ್ಕಿತು. ಈಗ ನಾನು ದೇವರ ಹತ್ತಿರ ಏನೇ ಬೇಡಿಕೊಳ್ಳುವುದಿದ್ದರೂ ಮೊದಲು ಅವಳು ಓಕೆ ಅನ್ನಬೇಕು.