ದೊರೆಸಾನಿ ಕಲಿಸಿದ ಇಂಗ್ಲಿಷು

ಕೊಡಗು ಇನ್ನೂ ಮೈಸೂರಿಗೆ ಸೇರದೆ ತನ್ನದೇ ರಾಜ್ಯವಾಗಿದ್ದ ಕಾಲ. ಅಮ್ಮತ್ತಿ ಬಳಿಯ ಎಸ್ಟೇಟೊಂದರಲ್ಲಿ ನನ್ನ ಯಜಮಾನರು ಲೆಕ್ಕ ಬರೆಯುವ ರೈಟರ್. ಹಾಸನದ ಕಡೆಯಿಂದ ಮದುವೆಯಾಗಿ ಬಂದ ನನಗೆ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇಂಗ್ಲಿಷು ಬರುತ್ತಿತ್ತು. ಅಷ್ಟಕ್ಕೇ ಬಂಗಲೆಯ ದೊರೆಸಾನಿ ಮಧ್ಯಾಹ್ನ ಮಾತಿಗೆ ಕರೆಯುತ್ತಿದ್ದರು. ವಯಸ್ಸಾದವರು, ಮಕ್ಕಳಿಲ್ಲ. ದೊರೆ ತೋಟ ಸುತ್ತಲು ಹೋದರೆ ಕತ್ತಲಾದ ಮೇಲೇ ಬರುವುದು.

ಅವರ ಇಂಗ್ಲಿಷು ನನ್ನ ಪಾಠದ ಪುಸ್ತಕದ್ದಲ್ಲ. ಯಜಮಾನರ ಡಿಕ್ಷನರಿಯೂ ಅರ್ಧಕ್ಕರ್ಧ ಪದಗಳಿಗೆ ಕೈಯೆತ್ತುತ್ತಿತ್ತು. ಹಾಗಾಗಿ ದೊರೆಸಾನಿ ನಟಿಸಿಯೇ ತೋರಿಸುತ್ತಿದ್ದರು. ‘ವಾಬ್ಲಿ’ ಎನ್ನುವುದಕ್ಕೆ ಆ ಪುಣ್ಯಾತ್ಗಿತ್ತಿ ಜಗಲಿಯ ತುಂಬ ತೂರಾಡಿದಾಗ ಬಟ್ಲರು ಗಾಬರಿಬಿದ್ದು ಕುರ್ಚಿ ತಂದಿದ್ದ. ‘ಫಸ್‌ಪಾಟ್’ ಎನ್ನುವುದಕ್ಕೆ ನನ್ನ ಸೆರಗು ಸರಿಮಾಡಿದರು, ದಿಂಬು ಇಟ್ಟರು, ತೆಗೆದರು, ಮತ್ತೆ ಇಟ್ಟರು. ಸಣ್ಣದಕ್ಕೂ ಸಮಾಧಾನವಿಲ್ಲದೆ ತಿದ್ದುತ್ತಲೇ ಇರುವವರು ಎಂದು ಹೊಳೆದದ್ದೇ, “ಅಯ್ಯೋ, ನಮ್ಮತ್ತೆ!” ಎಂದುಬಿಟ್ಟೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ‘ಪೆಕಿಶ್’ ಪದದ ಸರದಿ ಬಂತು. ಊಟದ ಹಸಿವಲ್ಲ, ಏನಾದರೂ ಬಾಯಾಡಿಸಬೇಕು ಎನ್ನಿಸುವ ಹಸಿವು. ಕನ್ನಡದಲ್ಲಿ ಏನನ್ನುತ್ತೀರಿ ಎಂದು ಕೇಳಿದರು. ಬಸುರಿಗಾದರೆ ‘ಬಯಕೆ’ ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಈ ತಿಂಗಳಲ್ಲಿ ತವರಿನವರು ಬಯಸಿದ್ದನ್ನು ತಂದುಕೊಟ್ಟು ಹಸಿರು ಬಳೆ ತೊಡಿಸುತ್ತಾರೆ, ನನಗೆ ಅಮ್ಮ ಇಲ್ಲ, ಬರುವವರು ಯಾರೂ ಇಲ್ಲ ಎಂದು ಹೇಳುತ್ತಾ ಅತ್ತುಬಿಟ್ಟೆ. ಏನು ತಿನ್ನಬೇಕೆನ್ನಿಸುತ್ತದೆ ಎಂದು ಕೇಳಿದ್ದಕ್ಕೆ, ಉಪ್ಪುಖಾರ ಹಚ್ಚಿದ ಚಕ್ಕೋತ ಎಂದೆ.

ಸಂತೆಯ ಮರುದಿನ ದೊರೆಸಾನಿ ನಮ್ಮ ಕ್ವಾರ್ಟರ್ಸಿನ ಬಾಗಿಲಿಗೆ ನಡೆದೇ ಬಂದರು. ಒಂದು ಕೈಯಲ್ಲಿ ಚಕ್ಕೋತ, ಇನ್ನೊಂದರಲ್ಲಿ ಹಸಿರು ಗಾಜಿನ ಬಳೆ. ಬಳೆಗಾರನ ಮುಂದೆ ತಮ್ಮ ಕೈಯನ್ನೇ ಚಾಚಿ ಅಳತೆ ಕೊಟ್ಟಿದ್ದರಂತೆ. ನನಗೆ ಮೊಣಕೈವರೆಗೂ ಜಾರುವಂಥ ಬಳೆಗಳು.

ಒಳಗಿನಿಂದ ಅತ್ತೆಯೂ ಬಾಗಿಲಿಗೆ ಬಂದರು. ಅತ್ತೆ ಮಹಾ ಮಡಿಯ ಹೆಂಗಸು. ನಾನು ಬಂಗಲೆಗೆ ಹೋಗಿ ಬಂದರೆ ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡಬೇಕು. ಇವರನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟರೆ? ನನಗಾಗಿ ಇಷ್ಟು ಮಾಡಿದವರು ಇನ್ನೊಬ್ಬರಿರಲಿಲ್ಲ.

ಅತ್ತೆ ಬಳೆಗಳನ್ನು ನೋಡಿದರು, ನನ್ನ ಮುಖ ನೋಡಿದರು.

“ಏನೇ, ಕಂಬದ ಹಾಗೆ ನಿಂತಿದೀಯಲ್ಲ! ಬೀಗಿತ್ತಿ ಬಂದಿದಾರೆ, ಮಣೆ ಹಾಕು.”

ಬೀಗಿತ್ತಿ ಎಂದರೇನೆಂದು ದೊರೆಸಾನಿ ನನ್ನನ್ನು ಮೆಲ್ಲಗೆ ಕೇಳಿದರು.

“ನಮ್ಮಮ್ಮ ಬಂದಿದ್ದರೆ ಅತ್ತೆ ಅವರನ್ನ ಹಾಗೇ ಕರೀತಿದ್ರು,” ಎಂದೆ.

ದೊರೆಸಾನಿ ಮಣೆಯ ಮೇಲೆ ಕಷ್ಟಪಟ್ಟು ಕೂತು, ನನ್ನ ಕೈ ಎಳೆದುಕೊಂಡು, ಬಳೆಗಳನ್ನು ಒಂದೊಂದಾಗಿ ತೊಡಿಸತೊಡಗಿದರು.