ಎಕ್ಸ್ ಅಕ್ಷರದ ಯೂರೋ

ಯುರೋಪಿನ ಬ್ಯಾಂಕುಗಳು ಅಲ್ಲಾಡುತ್ತಿದ್ದ ಎರಡು ಸಾವಿರದ ಎಂಟರಲ್ಲಿ, ನಮ್ಮ ಗುರ್ಗಾಂವ್ ಆಫೀಸಿಗೆ ಬಂದಿದ್ದ ಜರ್ಮನ್ ಎಂಜಿನಿಯರನ್ನು ಯೂರೋ ಬದಲಾಯಿಸಲು ಕರೆದುಕೊಂಡು ಹೋಗಿದ್ದೆ. ಕೌಂಟರಿನ ಮುಂದೆ ನಿಂತು ಅವನು ನೋಟುಗಳನ್ನು ಬೇರ್ಪಡಿಸತೊಡಗಿದ. ನಂಬರಿನ ಮೊದಲು ಎಕ್ಸ್ ಅಕ್ಷರವಿದ್ದರೆ ಅದು ಜರ್ಮನಿಯ ನೋಟಂತೆ. ಅವು ವಾಪಸ್ ಜೇಬಿಗೆ ಹೋದವು, ಬೇರೆ ದೇಶದವು ಮಾತ್ರ ಕೌಂಟರಿಗೆ.

"ಎಲ್ಲದರ ಬೆಲೆಯೂ ಒಂದೇ ತಾನೇ?" ಅಂದೆ.

"ಒಂದೇ. ಆದರೆ ನಾಳೆ ಯೂರೋ ಒಡೆದು ದೇಶಕ್ಕೊಂದು ಹಣವಾದರೆ? ಆಗ ಜರ್ಮನಿಯದು ಬಿಟ್ಟು ಬೇರೆ ನೋಟು ಯಾರು ತಗೊಳ್ಳುತ್ತಾರೆ?"

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ರೂಪಾಯಿ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ, ಇಂಥ ಪುಕ್ಕಲುತನ ನಮಗಿಲ್ಲ ಎಂದು ಭಾಷಣ ಬಿಗಿದೆ.

ಅಷ್ಟರಲ್ಲಿ ಕೌಂಟರಿನವನು ರೂಪಾಯಿ ಕೊಟ್ಟ. ಅದರಲ್ಲಿ ಟೇಪು ಅಂಟಿಸಿದ್ದ ನೂರರ ನೋಟೊಂದು ಕಂಡದ್ದೇ, "ಭಯ್ಯಾ, ಇದು ಬೇಡ, ಬೇರೆ ಕೊಡಿ" ಎಂದು ಹಿಂದಕ್ಕೆ ತಳ್ಳಿದೆ.

"ಅದಕ್ಕೆ ಬೆಲೆ ಕಮ್ಮಿಯೇ?" ಎಂದು ಜರ್ಮನ್ ಕೇಳಿದ.

"ಇಲ್ಲಪ್ಪ, ಪೂರ್ತಿ ನೂರು. ಆದರೆ ಯಾರೂ ತಗೊಳ್ಳಲ್ಲ."

"ನಾನೂ ಅದನ್ನೇ ಹೇಳಿದ್ದು," ಎಂದ.

ನನ್ನ ಭಾಷಣ ಅಲ್ಲಿಗೆ ಮುಗಿಯಿತು. ಆ ಟೇಪಿನ ನೋಟು ನಮ್ಮ ಹಿಂದೆ ನಿಂತಿದ್ದವನ ಕೈಗೆ ಹೋಗಿರುತ್ತದೆ ಎಂಬುದರಲ್ಲಿ ಮಾತ್ರ ನನಗೆ ಇವತ್ತಿಗೂ ಪೂರ್ತಿ ನಂಬಿಕೆಯಿದೆ.